ಮಾತು, ಓದು, ಆಟ: ಮೂರರಿಂದ ಆರು ವರ್ಷದ ಮಕ್ಕಳ ಕಲಿಕೆಗೆ ಆಸರೆ

(ಅಂಗನವಾಡಿ ಕಾರ್ಯಕರ್ತೆಯರು, ಮೇಲ್ವಿಚಾರಕಿಯರು, ಬಾಲವಿಕಾಸ ಸಮಿತಿ ಹಾಗೂ ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)

ಅಂಗನವಾಡಿ ಕೇಂದ್ರದ ಹಾಜರಾತಿ ಪುಸ್ತಕದಲ್ಲಿ ಪ್ರತಿದಿನ ಮಗುವಿನ ಹೆಸರಿನ ಮುಂದೆ ಒಂದು ಗುರುತು ಬೀಳುತ್ತದೆ. ಮಗು ಕೇಂದ್ರಕ್ಕೆ ಬಂದಿದೆ ಎಂಬುದನ್ನು ಆ ಗುರುತು ತಿಳಿಸುತ್ತದೆ. ಆ ದಿನ ಮಗು ಒಂದು ಮಾತನ್ನಾದರೂ ಆಡಿತೇ, ಅದರ ಮಾತಿಗೆ ಯಾರಾದರೂ ಕಿವಿಗೊಟ್ಟರೇ ಎಂಬುದು ಯಾವ ವಹಿಯಲ್ಲಿಯೂ ದಾಖಲಾಗುವುದಿಲ್ಲ. ಆದರೆ ಮಗುವಿನ ಮುಂದಿನ ಓದು ಬರಹದ ಅಡಿಪಾಯವು ಬಹುಮಟ್ಟಿಗೆ ಈ ದಾಖಲಾಗದ ಸಂಗತಿಯನ್ನೇ ಅವಲಂಬಿಸಿದೆ. ಮಾಸಿಕ ವೃತ್ತ ಸಭೆಗಳಲ್ಲಿ ಓದಿ ಚರ್ಚಿಸುವ ಸಲುವಾಗಿ ಸಿದ್ಧಪಡಿಸಿದ ಈ ಲೇಖನವು, ಹೆಚ್ಚಿನ ವೆಚ್ಚವಿಲ್ಲದೆ ಪ್ರತಿ ಕೇಂದ್ರದಲ್ಲಿಯೂ ಮಾತು, ಓದು ಮತ್ತು ಆಟಗಳ ಮೂಲಕ ಕಲಿಕೆಗೆ ಆಸರೆಯಾಗುವ ಬಗೆಯನ್ನು ವಿವರಿಸುತ್ತದೆ.

1. ಹಿನ್ನೆಲೆ

ಸಮಗ್ರ ಶಿಶು ಅಭಿವೃದ್ಧಿ ಸೇವಾ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಯೋಜನಾ ಪ್ರದೇಶಗಳಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕು ಇದರ ಮೊದಲ ಪ್ರಯೋಗಭೂಮಿಯಾಯಿತು. ಯೋಜನೆಯ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣವೂ ಒಂದು. ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ತೂಕ ದಾಖಲಾತಿಗಳ ಒತ್ತಡದಲ್ಲಿ ಈ ಸೇವೆ ಹಿಂದೆ ಸರಿಯುವುದುಂಟು. ಆಹಾರದ ಲೆಕ್ಕವನ್ನು ಅದೇ ದಿನ ಒಪ್ಪಿಸಬೇಕಾಗುತ್ತದೆ. ಕಲಿಕೆಯ ಕೊರತೆ ಮಾತ್ರ ಮಗು ಒಂದನೇ ತರಗತಿಗೆ ಸೇರಿದ ಮೇಲೆಯೇ ಕಣ್ಣಿಗೆ ಬೀಳುತ್ತದೆ.

2002ರ 86ನೇ ತಿದ್ದುಪಡಿಯ ನಂತರ ಸಂವಿಧಾನದ 45ನೇ ಅನುಚ್ಛೇದವು, ಆರು ವರ್ಷ ತುಂಬುವವರೆಗೆ ಎಲ್ಲ ಮಕ್ಕಳಿಗೂ ಬಾಲ್ಯದ ಆರೈಕೆ ಮತ್ತು ಶಿಕ್ಷಣ ಒದಗಿಸಲು ರಾಜ್ಯವು ಪ್ರಯತ್ನಿಸಬೇಕೆಂದು ಹೇಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಒಂದೇ ಬುನಾದಿ ಹಂತವಾಗಿ ಪರಿಗಣಿಸಿದೆ; ಅಂದರೆ ಅಂಗನವಾಡಿಯ ಮೂರು ವರ್ಷಗಳೂ ಶಾಲೆಯ ಮೊದಲ ಎರಡು ವರ್ಷಗಳೂ ಒಂದೇ ಕಟ್ಟಡದ ತಳಪಾಯ. ಈ ಹಂತಕ್ಕಾಗಿ 2022ರಲ್ಲಿ ಪ್ರಕಟವಾದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆಟವನ್ನೇ ಕಲಿಕೆಯ ಮುಖ್ಯ ಮಾರ್ಗವಾಗಿ ಸ್ವೀಕರಿಸಿದೆ.

ಈ ವಿಚಾರ ನಮಗೆ ಹೊಸದೇನಲ್ಲ. ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದು, ಭಯವಿಲ್ಲದ ಕಲಿಕೆಗೆ ಕಥೆಯನ್ನೂ ಆಟವನ್ನೂ ಸಾಧನವಾಗಿಸಿದರು. ಅವರ ಸಹೋದ್ಯೋಗಿಯಾಗಿದ್ದ ತಾರಾಬಾಯಿ ಮೋಡಕ್ ಅವರು ಮಹಾರಾಷ್ಟ್ರದ ಬೋರ್ಡಿಯಲ್ಲಿ, ಬಾಲವಾಡಿಗೆ ಬರಲಾಗದ ಮಕ್ಕಳಿದ್ದ ಕೇರಿಗಳ ಅಂಗಳಕ್ಕೇ ಬಾಲವಾಡಿಯನ್ನು ಕೊಂಡೊಯ್ದರು. 'ಅಂಗನವಾಡಿ' ಎಂಬ ಹೆಸರಿನಲ್ಲಿ ಈ ಅಂಗಳವೇ ಉಳಿದುಕೊಂಡಿದೆ. ನಮ್ಮ ನಾಡಿನಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ನಡೆಸಿದರು. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಮೊದಲಾದವರು ಮಕ್ಕಳ ನಾಲಿಗೆಯ ಮೇಲೆ ನಲಿಯುವ ಪದ್ಯಗಳನ್ನು ಬರೆದುಕೊಟ್ಟರು.

2. ಮಾತನಾಡದ ಮಗು

ಪ್ರತಿ ಕೇಂದ್ರದಲ್ಲಿಯೂ ಒಂದಿಬ್ಬರು ಮಾತನಾಡದ ಮಕ್ಕಳಿರುತ್ತಾರೆ. ಗಲಾಟೆ ಮಾಡುವ ಮಗು ಕಾರ್ಯಕರ್ತೆಯ ಗಮನ ಸೆಳೆಯುತ್ತದೆ. ಮೂಲೆಯಲ್ಲಿ ಸುಮ್ಮನೆ ಕುಳಿತ ಮಗು 'ಒಳ್ಳೆಯ ಮಗು' ಎನಿಸಿಕೊಳ್ಳುತ್ತದೆ, ಇಲ್ಲವೇ ಕೆಲವು ತಿಂಗಳ ನಂತರ 'ಮಂದ' ಎನಿಸಿಕೊಳ್ಳುತ್ತದೆ. ಈ ಎರಡು ಹಣೆಪಟ್ಟಿಗಳೂ ಅಪಾಯಕರ. ಮೌನಕ್ಕೆ ಕಾರಣಗಳು ಬೇರೆ ಬೇರೆಯಾಗಿರುತ್ತವೆ. ಕಾರಣವನ್ನು ಅರಿಯದೆ ಉಪಾಯ ಸಾಧ್ಯವಿಲ್ಲ.

ಮೊದಲನೆಯ ಕಾರಣ ಮನೆಮಾತು. ತಾಂಡಾದಿಂದ ಬರುವ ಮಗುವಿಗೆ ತಾಯಿ 'ಯಾಡಿ', ರೊಟ್ಟಿ 'ಬಾಟಿ', ನೀರು 'ಪಾಣಿ'. ಗಡಿ ತಾಲ್ಲೂಕುಗಳಲ್ಲಿ ತೆಲುಗು, ಮರಾಠಿ, ತಮಿಳು. ಕರಾವಳಿಯಲ್ಲಿ ತುಳು, ಕೊಂಕಣಿ, ಬ್ಯಾರಿ. ಅನೇಕ ಊರುಗಳಲ್ಲಿ ಉರ್ದು ಮನೆಮಾತಾಗಿದೆ. ಮೂರು ವರ್ಷಗಳಲ್ಲಿ ಆ ಮಗು ನೂರಾರು ಪದಗಳನ್ನೂ ಒಂದು ಭಾಷೆಯ ವ್ಯಾಕರಣವನ್ನೂ ತಾನೇ ಕಲಿತುಕೊಂಡು ಬಂದಿದೆ. ಕೇಂದ್ರದ ಬಾಗಿಲಲ್ಲಿ ಆ ಸಂಪತ್ತು ಚಲಾವಣೆಯಾಗದೆ ಹೋದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಅದು ಬುದ್ಧಿಯ ಕೊರತೆಯಲ್ಲ. ಅಪರಿಚಿತ ಊರಿನಲ್ಲಿ ಇಳಿದ ದೊಡ್ಡವರೂ ಹಾಗೆಯೇ ಮೌನವಾಗುತ್ತಾರೆ.

ಇದಕ್ಕೆ ಉಪಾಯ ಸುಲಭ. ಕಾರ್ಯಕರ್ತೆಯು ಆ ಮಗುವಿನ ಮನೆಮಾತಿನ ಇಪ್ಪತ್ತು ಪದಗಳನ್ನು, ಅಂದರೆ ನೀರು, ಊಟ, ಹಸಿವು, ನೋವು, ಬಾ, ಕುಳಿತುಕೋ, ಅಮ್ಮ ಮೊದಲಾದ ಪದಗಳನ್ನು ತಾಯಿಯಿಂದ ಕೇಳಿ ಬರೆದಿಟ್ಟುಕೊಳ್ಳಬೇಕು. ಮಗು 'ಪಾಣಿ' ಎಂದಾಗ "ಪಾಣಿ ಬೇಕಾ? ಬಾ, ನೀರು ಕೊಡ್ತೀನಿ" ಎಂದು ಎರಡೂ ಪದಗಳನ್ನು ಒಟ್ಟಿಗೆ ಆಡಬೇಕು. 'ಪಾಣಿ ಅನ್ನಬಾರದು' ಎಂದು ತಿದ್ದಬಾರದು. ಮನೆಮಾತು ಗಟ್ಟಿಯಾದಷ್ಟೂ ಕನ್ನಡವನ್ನು ಕಲಿಯಲು ಮಗುವಿಗೆ ಆಧಾರ ದೊರೆಯುತ್ತದೆ. ಹಗ್ಗವೊಂದನ್ನು ಕತ್ತರಿಸಿ ಇನ್ನೊಂದನ್ನು ಹೊಸೆಯಬೇಕಾಗಿಲ್ಲ.

ಎರಡನೆಯ ಕಾರಣ ಶ್ರವಣದೋಷ. ಮನೆಯಲ್ಲಿಯೂ ಮಾತನಾಡದ, ಹಿಂದಿನಿಂದ ಹೆಸರು ಹಿಡಿದು ಕರೆದರೆ ತಿರುಗದ, ಹೇಳಿದ್ದನ್ನು ಇತರರನ್ನು ನೋಡಿ ಅನುಸರಿಸುವ, ಪದೇ ಪದೇ ಕಿವಿ ಸೋರುವ ಮಗುವನ್ನು ಕಾಯದೆ ತಪಾಸಣೆಗೆ ಕಳುಹಿಸಬೇಕು. ಎರಡು ವರ್ಷ ತುಂಬಿದರೂ ಎರಡು ಪದಗಳನ್ನು ಕೂಡಿಸಿ ಹೇಳದ ಮಗುವಿಗೂ ಇದು ಅನ್ವಯಿಸುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ಅಂಗನವಾಡಿ ಮಕ್ಕಳಿಗೆ ವರ್ಷಕ್ಕೆ ಎರಡು ಬಾರಿ ತಪಾಸಣೆ ನಡೆಯಬೇಕಾಗಿದೆ. ತಂಡ ಬರುವ ದಿನ ಇಂತಹ ಮಗು ತಪ್ಪದೆ ಹಾಜರಿರುವಂತೆ ನೋಡಿಕೊಳ್ಳುವುದು ಕಾರ್ಯಕರ್ತೆಯ ಅತಿಮುಖ್ಯ ಕೆಲಸ. ಹೆಚ್ಚಿನ ಪರೀಕ್ಷೆ ಮತ್ತು ಚಿಕಿತ್ಸೆಗೆ 1965ರಿಂದ ಮೈಸೂರಿನಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕೇಂದ್ರ ನಮ್ಮ ರಾಜ್ಯದಲ್ಲಿಯೇ ಇದೆ. 'ಅವರಪ್ಪನೂ ತಡವಾಗಿಯೇ ಮಾತು ಕಲಿತ' ಎಂಬ ಸಮಾಧಾನದಲ್ಲಿ ಕಳೆದುಹೋಗುವ ಒಂದೆರಡು ವರ್ಷಗಳು ಮಾತು ಕಲಿಯುವ ಅತ್ಯಮೂಲ್ಯ ವರ್ಷಗಳಾಗಿರುತ್ತವೆ.

ಹೀಗಾಗಿ ಮಗು ಮಾತನಾಡದಿದ್ದಾಗ ತಾಯಿಗೆ ಕೇಳಬೇಕಾದ ಮೊದಲ ಪ್ರಶ್ನೆ ಇದು: "ಮನೆಯಲ್ಲಿ ಮಾತಾಡುತ್ತಾನಾ?" ಹೌದು ಎಂದರೆ ಉಪಾಯ ಕೇಂದ್ರದಲ್ಲಿದೆ, ಇಲ್ಲ ಎಂದರೆ ವೈದ್ಯರ ಬಳಿ ಇದೆ.

3. ಮಾತು ಬೆಳೆಸುವ ಬಗೆ

ಮಕ್ಕಳೊಡನೆ ನಾವು ಆಡುವ ಮಾತಿನಲ್ಲಿ ಅಪ್ಪಣೆಗಳೇ ಹೆಚ್ಚು: ಕೂತ್ಕೋ, ಕೈ ತೊಳೆ, ಗಲಾಟೆ ಮಾಡಬೇಡ. ಅಪ್ಪಣೆಗೆ ಮಗು ಮಾತಿನಲ್ಲಿ ಉತ್ತರಿಸಬೇಕಾಗಿಲ್ಲ. ಆದುದರಿಂದ ಅದು ಮಾತನ್ನು ಬೆಳೆಸುವುದಿಲ್ಲ. 'ಹೌದು', 'ಇಲ್ಲ' ಎಂಬಲ್ಲಿಗೆ ಮುಗಿಯುವ ಪ್ರಶ್ನೆಗಳೂ ಹಾಗೆಯೇ. ಮಾತು ಬೆಳೆಯುವುದು ಕೊಡುಕೊಳ್ಳುವಿಕೆಯಲ್ಲಿ. ಉದಾಹರಣೆಗೆ:

ಮಗು: "ಟೀಚರ್, ಎಮ್ಮೆ!"
ಕಾರ್ಯಕರ್ತೆ: "ಹೌದಲ್ಲ, ಕರೀ ಎಮ್ಮೆ ಹೋಗ್ತಾ ಇದೆ. ಎಲ್ಲಿಗೆ ಹೊರಟಿರಬಹುದು ಪುಟ್ಟಾ?"
ಮಗು: "ಕೆರೆಗೆ."
ಕಾರ್ಯಕರ್ತೆ: "ಕೆರೆಗೆ ಹೋಗಿ ಏನು ಮಾಡುತ್ತೆ?"
ಮಗು: "ನೀರಲ್ಲಿ ಮಲಗುತ್ತೆ."

ಇಲ್ಲಿ ನಡೆದಿರುವುದು ಮೂರು ಕೆಲಸ. ಕಾರ್ಯಕರ್ತೆಯು ಮಗು ಆರಿಸಿದ ವಿಷಯವನ್ನೇ ಹಿಡಿದರು. ಮಗುವಿನ ಒಂದು ಪದವನ್ನು ಪೂರ್ಣ ವಾಕ್ಯವಾಗಿ ಹಿಗ್ಗಿಸಿದರು. ಯೋಚಿಸಿ ಉತ್ತರಿಸಬೇಕಾದ ಪ್ರಶ್ನೆ ಕೇಳಿದರು. ನಾಲ್ಕನೆಯ ಕೆಲಸ ಬರಹದಲ್ಲಿ ಕಾಣುವುದಿಲ್ಲ: ಪ್ರತಿ ಪ್ರಶ್ನೆಯ ನಂತರ ಅವರು ಕಾದರು. ಮನಸ್ಸಿನಲ್ಲಿ ಒಂದರಿಂದ ಐದು ಎಣಿಸುವಷ್ಟು ಹೊತ್ತು ಕಾದರೆ, ಬಾಯಿ ತೆರೆಯದ ಮಗುವೂ ಉತ್ತರ ಹೊಂದಿಸಿಕೊಳ್ಳುತ್ತದೆ. ಊಟ ಬಡಿಸುವಾಗ, ಕೈ ತೊಳೆಸುವಾಗ, ತೂಕ ನೋಡುವಾಗ ಇಂತಹ ಮಾತುಕತೆಗೆ ಬೇರೆ ಸಮಯ ಬೇಕಾಗುವುದಿಲ್ಲ.

ಅಕ್ಷರ ಕಲಿಕೆಗೆ ಕಿವಿಯನ್ನು ಸಿದ್ಧಗೊಳಿಸುವ ಆಟಗಳೂ ನಮ್ಮ ಭಾಷೆಯಲ್ಲಿಯೇ ಇವೆ. 'ಮಾ-ವು', 'ಬಾ-ಳೆ', 'ಕ-ಮ-ಲ' ಎಂದು ಅಕ್ಷರಕ್ಕೊಂದು ಚಪ್ಪಾಳೆ ಹಾಕಿಸಬಹುದು. ಕನ್ನಡ ಬರಹವು ಉಚ್ಚಾರದ ಇಂತಹ ತುಣುಕುಗಳನ್ನೇ ಅಕ್ಷರವಾಗಿ ಹಿಡಿಯುವುದರಿಂದ ಈ ಚಪ್ಪಾಳೆ ಮುಂದೆ ಓದಿಗೆ ನೇರವಾಗಿ ಸಹಾಯಕ. ಇನ್ನೊಂದು, ನಾವು ದಿನವೂ ಆಡುವ ಜೋಡುಮಾತು: ಮನೆ ಗಿನೆ, ಹುಲಿ ಗಿಲಿ, ಹಾಲು ಗೀಲು, ಊಟ ಗೀಟ. ಪದದ ಮೊದಲ ಅಕ್ಷರವನ್ನು ತೆಗೆದು, ಅದು ಹ್ರಸ್ವವಾಗಿದ್ದರೆ 'ಗಿ', ದೀರ್ಘವಾಗಿದ್ದರೆ 'ಗೀ' ಇಡುವ ಈ ಆಟವನ್ನು ಮಕ್ಕಳು ನಗುತ್ತಾ ಆಡುತ್ತಾರೆ. ಹಾಗೆ ಆಡುವಾಗ ಪದವನ್ನು ಒಡೆಯುವುದನ್ನೂ, ಹ್ರಸ್ವ ದೀರ್ಘಗಳ ಭೇದವನ್ನೂ ಯಾರೂ ಹೇಳಿಕೊಡದೆ ಗ್ರಹಿಸುತ್ತಾರೆ. ಮುಂದೆ ಕಾಗುಣಿತ ಕಲಿಯುವಾಗ ಬೇಕಾಗುವುದು ಇದೇ ಕಿವಿ. ಪಟಪಟ, ಜುಳುಜುಳು, ಸರಸರ ಮುಂತಾದ ಅನುಕರಣ ಶಬ್ದಗಳನ್ನು ಹೇಳಿ, 'ಇದು ಯಾವುದರ ಸದ್ದು?' ಎಂದು ಕೇಳುವುದೂ ಒಳ್ಳೆಯ ಆಟ.

4. ಓದಿನ ರುಚಿ

ಅಕ್ಷರ ಬಾರದ ಮಗುವಿಗೆ ಪುಸ್ತಕವೇಕೆ ಎಂಬ ಪ್ರಶ್ನೆ ಸಹಜ. ಪುಸ್ತಕವನ್ನು ಯಾವ ಕಡೆಯಿಂದ ಹಿಡಿಯಬೇಕು, ಹಾಳೆ ಹೇಗೆ ತಿರುವಬೇಕು, ಕನ್ನಡದ ಸಾಲು ಎಡದಿಂದ ಬಲಕ್ಕೆ ಸಾಗುತ್ತದೆ, ಆ ಕಪ್ಪು ಗುರುತುಗಳಲ್ಲಿಯೇ ಮಾತು ಅಡಗಿದೆ ಎಂಬುವೆಲ್ಲ ಕಲಿಯಬೇಕಾದ ಸಂಗತಿಗಳು. ಮನೆಯಲ್ಲಿ ಪುಸ್ತಕವಿಲ್ಲದ ಮಗುವಿಗೆ ಇವನ್ನು ತಿಳಿಸುವ ಸ್ಥಳ ಅಂಗನವಾಡಿಯೊಂದೇ. ಮನೆಯಲ್ಲಿ ಉರ್ದು ಬರಹ ಕಾಣುವ ಮಗುವಿಗೆ ಸಾಲು ಬಲದಿಂದ ಎಡಕ್ಕೆ ಸಾಗುವುದು ಪರಿಚಿತವಾಗಿರುತ್ತದೆ. ಅಂತಹ ಮಗುವಿಗೆ ಬೆರಳಿಟ್ಟು ತೋರಿಸುವುದು ಇನ್ನೂ ಅಗತ್ಯ.

ಗಟ್ಟಿಯಾಗಿ ಓದಿ ಹೇಳುವ ಕ್ರಮ ಹೀಗಿರಲಿ. ಮಕ್ಕಳನ್ನು ಅರ್ಧವೃತ್ತದಲ್ಲಿ ಕೂರಿಸಿ, ಚಿತ್ರ ಎಲ್ಲರಿಗೂ ಕಾಣುವಂತೆ ಪುಸ್ತಕ ಹಿಡಿಯಬೇಕು. ಮುಖಪುಟ ತೋರಿಸಿ ಕಥೆ ಏನಿರಬಹುದೆಂದು ಊಹಿಸಲು ಬಿಡಬೇಕು. ಓದುವಾಗ ಸಾಲಿನ ಕೆಳಗೆ ಬೆರಳು ಸಾಗಿಸಬೇಕು. ಒಂದೆರಡು ಕಡೆ ನಿಲ್ಲಿಸಿ 'ಮುಂದೇನಾಗುತ್ತೆ?' ಎಂದು ಕೇಳಬೇಕು. ಅದೇ ಪುಸ್ತಕವನ್ನು ವಾರದಲ್ಲಿ ಮೂರು ನಾಲ್ಕು ದಿನ ಓದಬೇಕು. ದೊಡ್ಡವರಿಗೆ ಬೇಸರವಾದರೂ ಮಕ್ಕಳಿಗೆ ಆಗುವುದಿಲ್ಲ. ಮೊದಲ ದಿನ ಕಥೆ ಕೇಳಿದ ಮಗು ಮೂರನೆಯ ದಿನ ಕಥೆ ಹೇಳತೊಡಗುತ್ತದೆ. ಕಥೆಯ ಕೊನೆಯಲ್ಲಿ ನೀತಿ ಹೇಳಿಸುವ ಅವಸರ ಬೇಡ.

ಪುಸ್ತಕಗಳಿಗೆ ದಾರಿಗಳಿವೆ. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರು ಬಾಲ ಪುಸ್ತಕಾಲಯ ಮಾಲೆಯಲ್ಲಿ ಕನ್ನಡದ ಚಿತ್ರಪುಸ್ತಕಗಳು ದೊರೆಯುತ್ತವೆ. ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ಜಾಲತಾಣದಿಂದ ಕನ್ನಡ ಕಥೆಗಳನ್ನು ಉಚಿತವಾಗಿ ಪಡೆದು ಮುದ್ರಿಸಿಕೊಳ್ಳಬಹುದು. ಕೇಂದ್ರದಲ್ಲಿಯೇ ಪುಸ್ತಕ ತಯಾರಿಸಬಹುದು: ಹಳೆಯ ರಟ್ಟಿನ ಮೇಲೆ ಮಗು ಬಿಡಿಸಿದ ಚಿತ್ರ ಅಂಟಿಸಿ, ಆ ಮಗು ಹೇಳಿದ ವಾಕ್ಯವನ್ನು ಅದರ ಮಾತಿನಲ್ಲಿಯೇ ದೊಡ್ಡ ಅಕ್ಷರಗಳಲ್ಲಿ ಕೆಳಗೆ ಬರೆಯಬೇಕು. ತಾನು ಆಡಿದ ಮಾತು ಬರಹವಾಗಿ, ನಾಳೆಯೂ ಹಾಗೆಯೇ ಓದಲು ಸಿಗುವುದನ್ನು ಕಂಡ ಮಗುವಿಗೆ ಓದು ಎಂದರೇನೆಂದು ಬೇರೆ ವಿವರಿಸಬೇಕಾಗುವುದಿಲ್ಲ.

ಓದು ಬಾರದ ತಾಯಂದಿರು ಈ ಕೆಲಸದಿಂದ ಹೊರಗಲ್ಲ. ಚಿತ್ರಪುಸ್ತಕವನ್ನು ಮನೆಗೆ ಕಳುಹಿಸಿದರೆ, ಚಿತ್ರ ನೋಡುತ್ತಾ ಮಗುವಿನೊಡನೆ ಮಾತನಾಡಲು ಅಕ್ಷರಜ್ಞಾನ ಬೇಕಿಲ್ಲ. ವಾರಕ್ಕೊಮ್ಮೆ ಊರಿನ ಅಜ್ಜಿಯೊಬ್ಬರನ್ನು ಕರೆಸಿ ಅವರ ಭಾಷೆಯಲ್ಲಿಯೇ ಕಥೆ ಹೇಳಿಸಿದರೆ ಮಕ್ಕಳ ಮಾತೂ ಹಿರಿಯರ ಗೌರವವೂ ಒಟ್ಟಿಗೆ ಬೆಳೆಯುತ್ತವೆ. ಮಗುವನ್ನು ಸುಮ್ಮನಿರಿಸಲು ಕೈಗೆ ಮೊಬೈಲ್ ಕೊಡುವುದು ಇದಕ್ಕೆ ಬದಲಿಯಾಗದು. ಮೊಬೈಲ್ ಮಾತನಾಡುತ್ತದೆ, ಆದರೆ ಮಗುವಿನ ಮಾತಿಗೆ ಕಾಯುವುದಿಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳು ಪರದೆಯ ಮುಂದೆ ಕೂರುವುದು ದಿನಕ್ಕೆ ಒಂದು ಗಂಟೆ ಮೀರಬಾರದೆಂದು, ಕಡಿಮೆಯಾದಷ್ಟೂ ಒಳಿತೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ.

5. ಆಟವೇ ಪಾಠ

'ಕೆರೆ-ದಡ' ಆಟವನ್ನು ಗಮನಿಸಿ. 'ಕೆರೆ' ಎಂದಾಗ ಗೆರೆಯಾಚೆ, 'ದಡ' ಎಂದಾಗ ಈಚೆ ಜಿಗಿಯಬೇಕು. ಕಿವಿಗೊಟ್ಟು ಕೇಳುವುದು, ನಿಯಮ ನೆನಪಿಡುವುದು, ಜಿಗಿಯಬೇಕೆನಿಸಿದರೂ ತಡೆದುಕೊಳ್ಳುವುದು: ತರಗತಿಯಲ್ಲಿ ಕುಳಿತು ಕಲಿಯಲು ಬೇಕಾದ ಮೂರು ಶಕ್ತಿಗಳೂ ಈ ಒಂದು ಆಟದಲ್ಲಿವೆ. ಚೌಕಾಬಾರದಲ್ಲಿ ಕವಡೆ ಎಣಿಸಿ ಅಷ್ಟೇ ಮನೆ ನಡೆಸುವಾಗ ಸಂಖ್ಯೆಗೂ ವಸ್ತುವಿಗೂ ಇರುವ ಸಂಬಂಧ ತಿಳಿಯುತ್ತದೆ. ಹದಿನಾಲ್ಕು ಗುಳಿಗಳ ಅಳಗುಳಿ ಮಣೆಯಲ್ಲಿ ಗುಳಿಗೊಂದರಂತೆ ಬೀಜ ಹಾಕುವುದೂ ಇದೇ ಪಾಠ.

ಸಂತೆಯ ಆಟದಲ್ಲಿ ಒಬ್ಬಳು ಮಾರುತ್ತಾಳೆ, ಒಬ್ಬ ಕೊಳ್ಳುತ್ತಾನೆ, ಚೌಕಾಸಿ ನಡೆಯುತ್ತದೆ. ತಕ್ಕಡಿ, ಚಿಲ್ಲರೆ, ಹೆಚ್ಚು, ಕಡಿಮೆ ಎಂಬ ಪದಗಳು ತಾವಾಗಿ ಬರುತ್ತವೆ. ಎಲೆ ಹಣವಾಗುತ್ತದೆ, ಕಲ್ಲು ಆಲೂಗಡ್ಡೆಯಾಗುತ್ತದೆ. ಒಂದು ವಸ್ತು ಇನ್ನೊಂದರ ಪರವಾಗಿ ನಿಲ್ಲಬಲ್ಲದು ಎಂಬ ಅರಿವೇ, ಒಂದು ಗುರುತು ಒಂದು ಧ್ವನಿಯ ಪರವಾಗಿ ನಿಲ್ಲುತ್ತದೆ ಎಂಬ ಅಕ್ಷರದ ಅರಿವಿಗೆ ಮೆಟ್ಟಿಲು. ಇಂತಹ ಆಟದಲ್ಲಿ ಕಾರ್ಯಕರ್ತೆಯು ಗಿರಾಕಿಯಾಗಿ ಸೇರಬಹುದು. ಆಟ ನಡೆಸುವ ಯಜಮಾನಿಕೆ ಮಕ್ಕಳದೇ ಇರಲಿ.

ಎಚ್ಚರಿಕೆ: ಮೂರು ವರ್ಷದೊಳಗಿನ ಮಕ್ಕಳ ಕೈಗೆ ಬಾಯಲ್ಲಿ ಅಡಗುವ ಯಾವ ಬೀಜ, ಗೋಲಿ, ಗುಂಡಿಯನ್ನೂ ಕೊಡಬಾರದು. ದೊಡ್ಡ ಮಕ್ಕಳು ಹುಣಸೆ ಬೀಜಗಳಲ್ಲಿ ಆಡುವಾಗಲೂ ಹತ್ತಿರವಿದ್ದು, ಆಟ ಮುಗಿದ ಮೇಲೆ ಎಣಿಸಿ ಎತ್ತಿಡಬೇಕು. ಗುಲಗಂಜಿ ನೋಡಲು ಅಂದವಾದರೂ ವಿಷದ ಬೀಜ. ಅದು ಕೇಂದ್ರದೊಳಗೆ ಬರಬಾರದು.

6. 'ಇನ್ನೂ ಅ ಆ ಬರೆಸಿಲ್ಲವೇ?'

ಪೋಷಕರಿಂದ ಬರುವ ಈ ಪ್ರಶ್ನೆಗೆ ಗೌರವದಿಂದ, ಆದರೆ ಸ್ಪಷ್ಟವಾಗಿ ಉತ್ತರಿಸಬೇಕು. ಪಕ್ಕದ ಊರಿನ ಶಾಲೆಯ ನಾಲ್ಕು ವರ್ಷದ ಮಗು ಪುಟಗಟ್ಟಲೆ ಬರೆಯುವುದನ್ನು ಕಂಡ ತಂದೆ ತಾಯಿಗೆ ತಮ್ಮ ಮಗು ಹಿಂದುಳಿದೀತೆಂಬ ಆತಂಕವಾಗುತ್ತದೆ. ಆ ಆತಂಕದ ಹಿಂದೆ ಮಗುವಿನ ಮೇಲಿನ ಪ್ರೀತಿಯಿದೆ.

ಉತ್ತರದಲ್ಲಿ ಎರಡು ಅಂಶಗಳಿರಲಿ. ಮೊದಲನೆಯದು ದೇಹದ್ದು. ಮಣಿಕಟ್ಟಿನ ಎಂಟು ಸಣ್ಣ ಮೂಳೆಗಳು ಹುಟ್ಟುವಾಗ ಮೃದ್ವಸ್ಥಿಯಾಗಿದ್ದು, ವರ್ಷಗಳುದ್ದಕ್ಕೂ ಒಂದೊಂದಾಗಿ ಗಟ್ಟಿಯಾಗುತ್ತವೆ. ಬಳಪ ಹಿಡಿಯುವ ಬೆರಳಿಗೆ ಮೊದಲು ಬಲ ಬರಬೇಕು. ಹಿಟ್ಟು ನಾದುವುದು, ಶೇಂಗಾ ಸುಲಿಯುವುದು, ಹೂ ಪೋಣಿಸುವುದು, ರಂಗೋಲಿಯ ಚುಕ್ಕಿ ಇಡುವುದು, ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವಂತೆ ಜೇಡಿಮಣ್ಣಿನಲ್ಲಿ ಗೊಂಬೆ ಮಾಡುವುದು, ಇವೆಲ್ಲ ಬರವಣಿಗೆಯ ಪೂರ್ವಪಾಠಗಳೇ.

ಎರಡನೆಯದು ಭಾಷೆಯದು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹರಡಿದ ನಲಿ-ಕಲಿ ಪದ್ಧತಿಯು ಅಕ್ಷರ ಕಲಿಕೆಯನ್ನು ವರ್ಣಮಾಲೆಯ ಕ್ರಮದಲ್ಲಿ ಆರಂಭಿಸುವುದಿಲ್ಲ. ರ, ಗ, ಸ, ದ, ಅ ಎಂಬ ಅಕ್ಷರಗಳಿಂದ ತೊಡಗಿ ಸರ, ಅರಸ, ಅಗಸ, ದಸರ, ಗರಗಸ ಎಂಬ ಪದಗಳನ್ನು ಕೂಡಲೇ ಓದಿಸುತ್ತದೆ. ಅರಸ, ಅಗಸ ಎಂಬ ಪದಗಳನ್ನು ಕಥೆಯಲ್ಲಿ ಕೇಳಿ ಅರ್ಥ ಬಲ್ಲ ಮಗುವಿಗೆ ಆ ಓದು ಸಂತೋಷ ಕೊಡುತ್ತದೆ. ಅರ್ಥ ಬಾರದ ಮಗುವಿಗೆ ಅದು ಬರಿಯ ಉಚ್ಚಾರ. ಆದುದರಿಂದ ಒಂದನೇ ತರಗತಿಗೆ ನಾವು ಕೊಡಬಹುದಾದ ಒಳ್ಳೆಯ ಬುತ್ತಿ, ತುಂಬಿದ ಪದಸಂಪತ್ತು ಮತ್ತು ಪುಸ್ತಕದ ಮೇಲಿನ ಆಸೆ. ಐದು ದಾಟಿದ ಮಗು ತಾನೇ ತನ್ನ ಹೆಸರು ಬರೆಯಲು ಬಯಸಿದರೆ ಸಂತೋಷದಿಂದ ತೋರಿಸಿಕೊಡಬೇಕು.

ಪೋಷಕರ ಸಭೆಯಲ್ಲಿ ಇದನ್ನು ಭಾಷಣವಾಗಿ ಹೇಳುವುದಕ್ಕಿಂತ, ಮಕ್ಕಳಿಂದ ಕಥೆ ಹೇಳಿಸಿ ತೋರಿಸುವುದು ಪರಿಣಾಮಕಾರಿ.

7. ಗ್ರಾಮ ಪಂಚಾಯತಿಯ ಹೊಣೆ

ಸಂವಿಧಾನದ ಹನ್ನೊಂದನೇ ಅನುಸೂಚಿಯು ಪಂಚಾಯತಿಗಳಿಗೆ ಸೂಚಿಸಿರುವ 29 ವಿಷಯಗಳಲ್ಲಿ ಶಿಕ್ಷಣ, ಗ್ರಂಥಾಲಯ, ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ ಮೂರೂ ಸೇರಿವೆ. ಈ ಮೂರನ್ನೂ ಒಂದೆಡೆ ತರುವುದು ಗ್ರಾಮ ಪಂಚಾಯತಿಗೆ ಮಾತ್ರ ಸಾಧ್ಯ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮವು ಶಾಲಾ ಮಕ್ಕಳನ್ನು ಪಂಚಾಯತಿ ಗ್ರಂಥಾಲಯಗಳಿಗೆ ಕರೆತಂದಿತು. ಇಂದಿನ ಅರಿವು ಕೇಂದ್ರಗಳಲ್ಲಿ ನೆಲಮಟ್ಟದ ಒಂದು ಕಪಾಟನ್ನು ಚಿಕ್ಕ ಮಕ್ಕಳ ಚಿತ್ರಪುಸ್ತಕಗಳಿಗೆ ಮೀಸಲಿಟ್ಟು, ತಿಂಗಳಿಗೊಮ್ಮೆ ಹತ್ತಿಪ್ಪತ್ತು ಪುಸ್ತಕಗಳನ್ನು ಅಂಗನವಾಡಿಗೂ ಕೂಸಿನ ಮನೆಗೂ ಎರವಲು ಕೊಡಬಹುದು. ಪುಸ್ತಕ ಹರಿದರೆ ಕಾರ್ಯಕರ್ತೆಯಿಂದ ದಂಡ ವಸೂಲು ಮಾಡಬಾರದು; ದಂಡದ ಭಯವಿದ್ದಲ್ಲಿ ಪುಸ್ತಕ ಬೀರುವಿನಿಂದ ಹೊರಬರುವುದಿಲ್ಲ. ನೆರಳಿರುವ ಅಂಗಳ, ಮರಳಿನ ಗುಂಡಿ, ಮಕ್ಕಳ ಎತ್ತರದಲ್ಲಿ ಗೋಡೆಗೆ ಬಳಿದ ಕಪ್ಪು ಹಲಗೆ ಇವು ಸಣ್ಣ ವೆಚ್ಚದ, ದೀರ್ಘ ಬಾಳಿಕೆಯ ಕಾಮಗಾರಿಗಳು.

8. ಮುಂದಿನ ವೃತ್ತ ಸಭೆಗೆ ಅಭ್ಯಾಸ

(ಅ) ತಮ್ಮ ಕೇಂದ್ರದಲ್ಲಿ ಅತಿ ಕಡಿಮೆ ಮಾತನಾಡುವ ಒಂದು ಮಗುವನ್ನು ಗುರುತಿಸಿ, ಒಂದು ವಾರ ಪ್ರತಿದಿನ ಆ ಮಗು ತಾನಾಗಿ ಆಡಿದ ಮಾತುಗಳನ್ನು ಅದರ ಭಾಷೆಯಲ್ಲಿಯೇ ಬರೆದಿಡುವುದು.

(ಆ) ಆ ಮಗುವಿನ ಮನೆಗೆ ಭೇಟಿ ನೀಡಿ, ಮನೆಯಲ್ಲಿ ಯಾವ ಭಾಷೆ, ಯಾರೊಡನೆ, ಎಷ್ಟು ಮಾತನಾಡುತ್ತದೆ ಎಂದು ಕೇಳಿ ತಿಳಿಯುವುದು; ಶ್ರವಣದೋಷದ ಲಕ್ಷಣ ಕಂಡರೆ ಸಭೆಗೆ ಕಾಯದೆ ಕೂಡಲೇ ಆರೋಗ್ಯ ಸಿಬ್ಬಂದಿಗೆ ತಿಳಿಸುವುದು.

(ಇ) ಒಂದೇ ಚಿತ್ರಪುಸ್ತಕವನ್ನು ಆ ವಾರ ನಾಲ್ಕು ದಿನ ಓದಿ, ಮೊದಲ ದಿನಕ್ಕೂ ನಾಲ್ಕನೆಯ ದಿನಕ್ಕೂ ಮಕ್ಕಳ ಮಾತಿನಲ್ಲಿ ಕಂಡ ವ್ಯತ್ಯಾಸವನ್ನು ಗುರುತಿಸುವುದು.

(ಈ) ತಮ್ಮ ಊರಿನಲ್ಲಿ ಹಿರಿಯರು ಆಡುತ್ತಿದ್ದ ಒಂದು ಆಟವನ್ನು ಕೇಳಿ ತಿಳಿದು, ಅದರಿಂದ ಮಕ್ಕಳು ಕಲಿಯುವುದೇನೆಂದು ಸಭೆಯಲ್ಲಿ ವಿವರಿಸುವುದು.

ಈ ಟಿಪ್ಪಣಿಗೆ ಯಾವುದೇ ನಮೂನೆ ನಿಗದಿಪಡಿಸಿಲ್ಲ. ಸಾಮಾನ್ಯ ನೋಟ್‌ಬುಕ್ಕಿನ ಒಂದು ಪುಟ ಸಾಕು. ಮೇಲ್ವಿಚಾರಕಿಯರು ಸಭೆಯಲ್ಲಿ ಆ ಪುಟವನ್ನು ಓದಿಸಿ ಕೇಳಬೇಕು. ಹಾಜರಾತಿ ಪುಸ್ತಕದಲ್ಲಿ ಬರಿಯ ಗುರುತಾಗಿರುವ ಮಗುವಿನ ಮಾತು ಆ ಪುಟದಲ್ಲಿ ಮೊದಲ ಬಾರಿಗೆ ದಾಖಲಾಗಿರುತ್ತದೆ.